ಸೆಕೆಂಡಿಗೆ ಎಷ್ಟು ಚಿತ್ರ?

(ಸಂಘದ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಬರಹ ರೂಪ)



ವೇದಿಕೆಯ ಮೇಲೆ ನಿಂತು ಮಾತನಾಡುವುದು ನನಗೆ ಅಭ್ಯಾಸವಿಲ್ಲದ ಕೆಲಸ. ಮೂವತ್ತೈದು ವರ್ಷಗಳ ಕಾಲ ಈ ಮುಂಬಯಿ ನಗರದಲ್ಲಿ ಚಿತ್ರಸಂಕಲನದ ಕತ್ತಲೆ ಕೋಣೆಗಳಲ್ಲಿ ಕುಳಿತು ಬೇರೆಯವರು ತೆಗೆದ ಚಿತ್ರಗಳನ್ನು ಕತ್ತರಿಸುತ್ತ, ಅಂಟಿಸುತ್ತ ಹೊಟ್ಟೆ ಹೊರೆದವನು ನಾನು. ಸಂಕಲನಕಾರ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದನೆಂದರೆ ಅವನು ಅಲ್ಲಿದ್ದನೆಂಬುದೇ ಪ್ರೇಕ್ಷಕನಿಗೆ ತಿಳಿಯುವುದಿಲ್ಲ. ಹಾಗಿರುವಾಗ ನನ್ನನ್ನು ಇಲ್ಲಿಗೆ ಎಳೆದು ತಂದದ್ದು ನಮ್ಮ ಸಂಘದ ಕಪಾಟಿನಲ್ಲಿರುವ ವಿಡಿಯೋ ಕ್ಯಾಸೆಟ್ಟುಗಳು.

ಕಳೆದ ಸಮಿತಿ ಸಭೆಯಲ್ಲಿ ನಡೆದ ಚರ್ಚೆ ಕೆಲವರಿಗಾದರೂ ನೆನಪಿರಬಹುದು. 1980ರ ದಶಕದಿಂದ ಇಲ್ಲಿ ನಡೆದ ಯಕ್ಷಗಾನ ಬಯಲಾಟಗಳು, ತಾಳಮದ್ದಲೆಗಳು, ನಾಟಕಗಳು, ರಾಜ್ಯೋತ್ಸವದ ಸಭೆಗಳು ಆ ಕ್ಯಾಸೆಟ್ಟುಗಳಲ್ಲಿವೆ. ಅವುಗಳಲ್ಲಿ ಕುಣಿದವರು, ಮಾತನಾಡಿದವರು ಅನೇಕರು ಇಂದು ನಮ್ಮೊಡನಿಲ್ಲ. ಟೇಪು ಬೂಸ್ಟು ಹಿಡಿಯುವ ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಬೇಕೆಂದು ಸಮಿತಿ ತೀರ್ಮಾನಿಸಿತು. ಕೆಲಸ ವಹಿಸಿಕೊಳ್ಳಲು ಬಂದ ತರುಣ ವಿನಯವಂತ, ಬುದ್ಧಿವಂತ. "ಸೆಕೆಂಡಿಗೆ 25 ಫ್ರೇಮಿನಂತೆ ಇಳಿಸಿಕೊಡುತ್ತೇನೆ ಸರ್. ಬೇಕಿದ್ದರೆ 24ಕ್ಕೆ ತಂದು ಸಿನಿಮಾದ ಹಾಗೆ ಕಾಣುವಂತೆಯೂ ಮಾಡಬಹುದು," ಎಂದ. ಸಮಿತಿಯವರೆಲ್ಲ ಸಂತೋಷದಿಂದ ತಲೆಯಾಡಿಸಿದರು. ನಾನೊಬ್ಬನೇ ಬೇಡವೆಂದೆ. ಏಕೆ ಬೇಡ ಎಂದು ಅಧ್ಯಕ್ಷರು ಕೇಳಿದರು. ಐದು ನಿಮಿಷದಲ್ಲಿ ಹೇಳಲು ನನ್ನಿಂದಾಗಲಿಲ್ಲ. ಹಾಗಾದರೆ ಒಂದು ಗಂಟೆ ತೆಗೆದುಕೊಂಡು ಹೇಳಿ ಎಂದು ಅವರು ನನಗೆ ವಿಧಿಸಿದ ಶಿಕ್ಷೆಯೇ ಈ ಉಪನ್ಯಾಸ.

ಚಲನಚಿತ್ರದಲ್ಲಿ ಚಲನೆ ಎಂಬುದು ಇಲ್ಲವೇ ಇಲ್ಲ ಎಂಬಲ್ಲಿಂದ ಆರಂಭಿಸಬೇಕು. ಇರುವುದು ಸ್ಥಿರಚಿತ್ರಗಳ ಸಾಲು ಮಾತ್ರ. ಒಂದರ ಹಿಂದೊಂದು ಬಂದು ನಿಂತು ಹೋಗುವ ಚಿತ್ರಗಳನ್ನು ನಮ್ಮ ಮಿದುಳು ಚಲನೆಯಾಗಿ ಹೊಲಿದುಕೊಳ್ಳುತ್ತದೆ. ಕಣ್ಣಿನಲ್ಲಿ ಬಿಂಬ ಕೊಂಚ ಹೊತ್ತು ಉಳಿಯುವುದರಿಂದ ಹೀಗಾಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ವಿವರಣೆ ಸಾಲದು. 1912ರಲ್ಲಿ ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ದೈಮರ್ ಪ್ರಕಟಿಸಿದ ಪ್ರಯೋಗಗಳಿಂದಲೇ ಇದು ಕಣ್ಣಿನ ದೌರ್ಬಲ್ಯವಲ್ಲ, ಮನಸ್ಸಿನ ಕೆಲಸ ಎಂಬುದು ಗೊತ್ತಾಗಿತ್ತು. ಹೊಲಿಗೆಗೆ ಎಷ್ಟು ಹತ್ತಿರ ಹತ್ತಿರ ಚುಚ್ಚು ಹಾಕಬೇಕು? ಸೆಕೆಂಡಿಗೆ ಎಷ್ಟು ಚಿತ್ರ ಬೇಕು? ನನ್ನ ಇಂದಿನ ವಿಷಯ ಇಷ್ಟೇ.

ಈ ಪ್ರಶ್ನೆಗೆ ಮುಂಬಯಿಯಲ್ಲಿ ಮೊದಲ ಉತ್ತರ ಸಿಕ್ಕಿದ್ದು 1896ರ ಜುಲೈ 7ರಂದು. ಕಾಳಾ ಘೋಡಾದ ಬಳಿಯ ವಾಟ್ಸನ್ ಹೋಟೆಲಿನಲ್ಲಿ, ಅಂದರೆ ಈಗಿನ ಎಸ್ಪ್ಲನೇಡ್ ಮ್ಯಾನ್ಶನ್ನಿನಲ್ಲಿ, ಲ್ಯೂಮಿಯೇ ಸಹೋದರರ ಚಿತ್ರಗಳ ಪ್ರದರ್ಶನ ನಡೆಯಿತು. ಅವರ ಯಂತ್ರವನ್ನು ಕೈಯಿಂದ ತಿರುಗಿಸಬೇಕಿತ್ತು. ಒಂದು ಸುತ್ತಿಗೆ 8 ಚಿತ್ರ, ಸೆಕೆಂಡಿಗೆ ಎರಡು ಸುತ್ತು. ಹಾಗಾಗಿ ಸೆಕೆಂಡಿಗೆ 16. ಆದರೆ ಮನುಷ್ಯನ ಮಣಿಕಟ್ಟು ಗಡಿಯಾರವಲ್ಲ. ಮೂಕಿ ಚಿತ್ರಗಳ ಕಾಲದುದ್ದಕ್ಕೂ ಛಾಯಾಗ್ರಾಹಕನ ಕೈಯೇ ವೇಗವನ್ನು ನಿರ್ಧರಿಸುತ್ತಿತ್ತು. ನಮ್ಮ ಭಾಗವತರು ಸನ್ನಿವೇಶಕ್ಕೆ ತಕ್ಕಂತೆ ವಿಲಂಬಿತ, ಮಧ್ಯಮ, ದ್ರುತವೆಂದು ಕಾಲ ಬದಲಿಸುವಂತೆ ಅವನೂ ಬದಲಿಸುತ್ತಿದ್ದ. ಅತ್ತ ಚಿತ್ರಮಂದಿರದಲ್ಲಿ ಪ್ರೊಜೆಕ್ಟರು ತಿರುಗಿಸುವವನದು ಬೇರೆಯೇ ತಾಳ. ದಿನಕ್ಕೆ ಇನ್ನೊಂದು ಆಟ ಹೆಚ್ಚಿಗೆ ಸೇರಿಸಬೇಕೆಂದು ಮಾಲೀಕ ಹೇಳಿದರೆ ಅವನ ಕೈ ಬಿರುಸಾಗುತ್ತಿತ್ತು.

ಇದು ಬರೀ ಕುತೂಹಲದ ಸಂಗತಿಯೆಂದು ತಳ್ಳಿಹಾಕುವ ಹಾಗಿಲ್ಲ. ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' 1913ರ ಮೇ 3ರಂದು ಇದೇ ಊರಿನ ಕಾರೊನೇಶನ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಅದರ ಉದ್ದ 3,700 ಅಡಿ ಎಂಬ ದಾಖಲೆ ಇದೆ. 35 ಮಿಲಿಮೀಟರ್ ಫಿಲ್ಮಿನಲ್ಲಿ ಅಡಿಗೆ 16 ಫ್ರೇಮು. ಸೆಕೆಂಡಿಗೆ 16ರಂತೆ ಓಡಿಸಿದರೆ ಆ ಚಿತ್ರ 61 ನಿಮಿಷ 40 ಸೆಕೆಂಡು. 20ರಂತೆ ಓಡಿಸಿದರೆ 50 ನಿಮಿಷಕ್ಕೆ ತುಸು ಕಡಿಮೆ. ಇಂದಿನ 24ರಂತೆ ಓಡಿಸಿದರೆ 41 ನಿಮಿಷ. ಅದೇ ಹರಿಶ್ಚಂದ್ರ, ಅದೇ ತಾರಾಮತಿ, ಅದೇ ಸ್ಮಶಾನ. ಇಪ್ಪತ್ತು ನಿಮಿಷಗಳ ವ್ಯತ್ಯಾಸ. ಆ ಚಿತ್ರದ ಒಂದು ಭಾಗವಷ್ಟೇ ಇಂದು ನಮಗೆ ಉಳಿದಿದೆ. ಅದನ್ನು ಯಾವ ವೇಗದಲ್ಲಿ ತೋರಿಸಬೇಕೆಂಬುದು ಅದರ ಅರ್ಥವನ್ನೇ ಮುಟ್ಟುವ ಪ್ರಶ್ನೆ. ಮಗನನ್ನು ಕಳೆದುಕೊಂಡ ತಾಯಿ 41 ನಿಮಿಷದ ಲೆಕ್ಕದಲ್ಲಿ ಓಡಿ ಬಂದರೆ ಸಭೆ ನಗುತ್ತದೆ. ಹಳೆಯ ಕಾಲದ ಜನ ಹೇಗೆ ದಡಬಡ ನಡೆಯುತ್ತಿದ್ದರು ನೋಡಿ ಎಂದು ನಾವೆಲ್ಲ ಬಾಲ್ಯದಲ್ಲಿ ನಕ್ಕವರೇ. ಅವರು ಹಾಗೆ ನಡೆಯುತ್ತಿರಲಿಲ್ಲ. ನಾವು ಅವರನ್ನು ಹಾಗೆ ನಡೆಸಿದೆವು.

ಹಾಗಾದರೆ 24 ಎಲ್ಲಿಂದ ಬಂತು? ಕಣ್ಣಿನ ಪರೀಕ್ಷೆ ಮಾಡಿ ಕಂಡುಹಿಡಿದ ಸಂಖ್ಯೆಯೆಂದು ನಾನೂ ಬಹಳ ವರ್ಷ ನಂಬಿದ್ದೆ. ಅದು ಬಂದದ್ದು ಕಿವಿಯ ದೆಸೆಯಿಂದ. 1926-27ರ ಸುಮಾರಿಗೆ ಅಮೆರಿಕದಲ್ಲಿ ಚಿತ್ರಕ್ಕೆ ಧ್ವನಿ ಸೇರಿದಾಗ ವೇಗ ಒಂದೇ ಸಮನಾಗಿರಲೇಬೇಕಾಯಿತು. ಚಿತ್ರ ಒಂದಿಷ್ಟು ಹಿಂದುಮುಂದಾದರೆ ಕಣ್ಣು ಸಹಿಸುತ್ತದೆ. ಶ್ರುತಿ ಅಲುಗಾಡಿದರೆ ಕಿವಿ ಸಹಿಸುವುದಿಲ್ಲ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯ ಎಂಜಿನಿಯರುಗಳು ಆಗಿನ ಚಿತ್ರಮಂದಿರಗಳಲ್ಲಿ ರೂಢಿಯಲ್ಲಿದ್ದ ವೇಗವನ್ನು ಗಮನಿಸಿ ನಿಮಿಷಕ್ಕೆ 90 ಅಡಿ ಎಂದು ಗೊತ್ತುಮಾಡಿದರು. ಅಂದರೆ ಸೆಕೆಂಡಿಗೆ ಒಂದೂವರೆ ಅಡಿ, 24 ಫ್ರೇಮು. ಇದಕ್ಕಿಂತ ಕಡಿಮೆಯಾದರೆ ಧ್ವನಿ ಕೆಡುತ್ತದೆ, ಹೆಚ್ಚಾದರೆ ಫಿಲ್ಮಿನ ಖರ್ಚು ಏರುತ್ತದೆ. ಕಿವಿ ಮತ್ತು ಕಿಸೆ ಇವೆರಡರ ನಡುವಿನ ಒಪ್ಪಂದ ಅದು. ಕಣ್ಣನ್ನು ಯಾರೂ ಕೇಳಲಿಲ್ಲ.

1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್‌ನಲ್ಲಿ 'ಆಲಂ ಆರಾ' ಬಂತು. ಮೂರು ವರ್ಷಗಳ ನಂತರ 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'. ಅದು ತಯಾರಾದದ್ದು ಕೊಲ್ಲಾಪುರದ ಛತ್ರಪತಿ ಸಿನಿಟೋನಿನಲ್ಲಿ ಎಂಬುದನ್ನು ಮಹಾರಾಷ್ಟ್ರದ ಕನ್ನಡಿಗರಾದ ನಾವು ಸ್ವಲ್ಪ ಅಭಿಮಾನದಿಂದಲೇ ನೆನೆಯಬೇಕು. ಕನ್ನಡ ಸಿನಿಮಾ ಮೊದಲು ಮಾತನಾಡಿದ್ದೇ ಹೊರನಾಡಿನಲ್ಲಿ! ಆ ಎರಡು ಚಿತ್ರಗಳೂ ಇಂದು ಉಳಿದಿಲ್ಲ.

24ರ ಗುಣವೇನು? ಕ್ಯಾಮರಾದೊಳಗೆ ಅರ್ಧಚಂದ್ರಾಕಾರದ ಒಂದು ಶಟರು ತಿರುಗುತ್ತಿರುತ್ತದೆ. ಅರ್ಧ ಸುತ್ತು ಬೆಳಕನ್ನು ಒಳಬಿಡುತ್ತದೆ, ಇನ್ನರ್ಧ ಸುತ್ತಿನಲ್ಲಿ ಬೆಳಕು ಮುಚ್ಚಿ ಫಿಲ್ಮು ಮುಂದೆ ಸರಿಯುತ್ತದೆ. ಆದ್ದರಿಂದ ಪ್ರತಿ ಚಿತ್ರವೂ ಸೆಕೆಂಡಿನ 48ನೆಯ ಒಂದು ಭಾಗದಷ್ಟು ಹೊತ್ತು ಬೆಳಕು ಕಾಣುತ್ತದೆ. ಆ ಹೊತ್ತಿನಲ್ಲಿ ನಟಿಯ ಕೈ ಅಲುಗಿದರೆ ಅದು ಚಿತ್ರದಲ್ಲಿ ಕಲಸಿಕೊಳ್ಳುತ್ತದೆ. ಸಂಕಲನದ ಮೇಜಿನ ಮೇಲೆ ಫಿಲ್ಮನ್ನು ದೀಪಕ್ಕೆ ಹಿಡಿದು ನೋಡಿದ ನನಗೆ ಇದು ದಿನನಿತ್ಯದ ದೃಶ್ಯ. ಓಡುವ ಕುದುರೆಯ ಕಾಲುಗಳು ಒಂದೊಂದು ಫ್ರೇಮಿನಲ್ಲಿಯೂ ಬರೀ ಮಂಜು. ಆ ಮಂಜೇ ಮುಂದಿನ ಚಿತ್ರಕ್ಕೆ ಸೇತುವೆ. ಇನ್ನು ಉಳಿದ ಅರ್ಧ ಹೊತ್ತು ಕ್ಯಾಮರಾ ಕುರುಡು. ಆಗ ನಡೆದದ್ದು ಫಿಲ್ಮಿನಲ್ಲಿ ಇಲ್ಲವೇ ಇಲ್ಲ. ನಾವು ಮೆಚ್ಚಿ ನೋಡಿದ ಚಿತ್ರಗಳಲ್ಲಿ ನಟ ಬಾಳಿದ ಕಾಲದ ಅರ್ಧದಷ್ಟು ದಾಖಲಾಗಿಲ್ಲ. ಅದನ್ನು ತುಂಬಿಕೊಂಡವರು ನಾವು, ಪ್ರೇಕ್ಷಕರು. ಬೆಳ್ಳಿತೆರೆಯ ಚಲನೆಗೆ ಒಂದು ಬಗೆಯ ಕನಸಿನ ದೂರ ಇರುವುದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ.

ಕೊರತೆಗಳೂ ಇವೆ. ಪೌರಾಣಿಕ ಚಿತ್ರಗಳಲ್ಲಿ ರಥ ಮುಂದೆ ಹೋಗುವಾಗ ಚಕ್ರ ಹಿಂದಕ್ಕೆ ತಿರುಗುವುದನ್ನು ನೋಡಿದ್ದೀರಿ. ಹನ್ನೆರಡು ಅರೆಕಾಲುಗಳ ಚಕ್ರ ಸೆಕೆಂಡಿಗೆ ಎರಡು ಸುತ್ತು ತಿರುಗಿದರೆ ಫ್ರೇಮಿನಿಂದ ಫ್ರೇಮಿಗೆ ಒಂದು ಅರೆಕಾಲಿನ ಜಾಗಕ್ಕೆ ಇನ್ನೊಂದು ಬಂದು ನಿಲ್ಲುತ್ತದೆ. ಚಕ್ರ ನಿಂತೇ ಇದೆಯೆಂದು ಕಣ್ಣು ತೀರ್ಪು ಕೊಡುತ್ತದೆ. ತುಸು ನಿಧಾನವಾದರೆ ಹಿಂದಕ್ಕೆ ಉರುಳುತ್ತದೆ. ಕ್ಯಾಮರಾವನ್ನು ಬೇಗ ಪಕ್ಕಕ್ಕೆ ತಿರುಗಿಸಿದರೆ ಕಂಬಗಳು ನಡುಗುತ್ತವೆ. ತೆರೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ವಸ್ತುವೊಂದು ಸಾಗಲು ಏಳು ಸೆಕೆಂಡಾದರೂ ಬೇಕು ಎಂಬುದು ಛಾಯಾಗ್ರಾಹಕರ ನಡುವಿನ ಹಳೆಯ ಲೆಕ್ಕ. ಮತ್ತೆ ತೆರೆಯ ಮೇಲೆ ಬೆಳಕು ಸೆಕೆಂಡಿಗೆ 24 ಸಲ ಮಾತ್ರ ಹೊತ್ತಿ ಆರಿದರೆ ಕಣ್ಣು ನೋಯುತ್ತದೆ. ಆದ್ದರಿಂದ ಪ್ರೊಜೆಕ್ಟರಿನಲ್ಲಿ ಎರಡು ಅಲಗಿನ ಶಟರು. ಪ್ರತಿ ಚಿತ್ರವನ್ನೂ ಎರಡೆರಡು ಬಾರಿ ತೋರಿಸುತ್ತದೆ.

ಈ ಮಿತಿಗಳೊಡನೆ ನಾವು ಆಟವಾಡಿಯೇ ಅನ್ನ ಸಂಪಾದಿಸಿದೆವು. ಹೊಡೆದಾಟದ ದೃಶ್ಯಗಳನ್ನು 24ರ ಬದಲು 22ಕ್ಕೋ 20ಕ್ಕೋ ತೆಗೆಯುತ್ತಿದ್ದರು. 24ರಲ್ಲಿ ತೋರಿಸಿದಾಗ ಐವತ್ತು ದಾಟಿದ ನಾಯಕನ ಮುಷ್ಟಿಗೂ ಯೌವನ ಬರುತ್ತಿತ್ತು. ಹಾಡಿನಲ್ಲಿ ನಾಯಕಿಯ ಸೆರಗು ನಿಧಾನವಾಗಿ ಹಾರಬೇಕು, ತುಟಿ ಮಾತ್ರ ಹಾಡಿಗೆ ಹೊಂದಬೇಕು ಎಂದರೆ ಕ್ಯಾಮರಾವನ್ನು 48ಕ್ಕೆ ಓಡಿಸಿ, ಹಾಡನ್ನೂ ಎರಡು ಪಟ್ಟು ವೇಗದಲ್ಲಿ ನುಡಿಸುತ್ತಿದ್ದರು. ಗಿಳಿಮರಿಯಂತೆ ಕೀರಲುವ ಆ ಹಾಡಿಗೆ ಗಂಭೀರ ಮುಖ ಮಾಡಿ ವಿರಹ ನಟಿಸುವುದು ಸುಲಭವಲ್ಲ. ನಟಿಯರ ಶ್ರಮದ ಬಗ್ಗೆ ಹಗುರವಾಗಿ ಮಾತನಾಡುವವರು ಒಮ್ಮೆ ಅದನ್ನು ನೋಡಬೇಕಿತ್ತು.

ಇನ್ನು ಕಿರುತೆರೆಗೆ ಬರೋಣ. ಸಿನಿಮಾದ ವೇಗವನ್ನು ಕಿವಿ ನಿರ್ಧರಿಸಿದರೆ ಟೆಲಿವಿಷನ್ನಿನ ವೇಗವನ್ನು ನಿರ್ಧರಿಸಿದ್ದು ವಿದ್ಯುಚ್ಛಕ್ತಿ. ಬ್ರಿಟನ್, ಯುರೋಪು, ಭಾರತಗಳಲ್ಲಿ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಅಮೆರಿಕದಲ್ಲಿ 60. ಅದಕ್ಕೆ ಹೊಂದಿಕೊಂಡು ಅಲ್ಲಿ ಸೆಕೆಂಡಿಗೆ 30 ಚಿತ್ರ, ಇಲ್ಲಿ 25. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಟೆಲಿವಿಷನ್ ಆರಂಭವಾದಾಗಲೂ, 1972ರ ಅಕ್ಟೋಬರ್ 2ರಂದು ಮುಂಬಯಿಗೆ ಬಂದಾಗಲೂ, 1982ರಲ್ಲಿ ಬಣ್ಣ ತುಂಬಿಕೊಂಡಾಗಲೂ ಈ 25 ಬದಲಾಗಲಿಲ್ಲ. 24ರ ಸಿನಿಮಾವನ್ನು 25ರ ಪೆಟ್ಟಿಗೆಯಲ್ಲಿ ತೋರಿಸುವುದು ಹೇಗೆ? ಸುಮ್ಮನೆ 25ಕ್ಕೇ ಓಡಿಸುವುದು. ಶೇಕಡಾ 4ರಷ್ಟು ಬೇಗ, ಅಷ್ಟೇ. ಎರಡೂವರೆ ಗಂಟೆಯ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ.

ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಕಿವಿಗೆ ಗೊತ್ತಾಗುತ್ತದೆ. ಮಾಟುಂಗದಲ್ಲಿ ನಮ್ಮ ನೆರೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದ ಒಬ್ಬ ಅಮ್ಮನವರಿದ್ದರು. ಭಾನುವಾರ ಸಂಜೆ ದೂರದರ್ಶನದ ಸಿನಿಮಾದಲ್ಲಿ ಹಾಡು ಬಂದಾಗ ಹಾರ್ಮೋನಿಯಂ ಎಳೆದುಕೊಂಡು ಕೂರುತ್ತಿದ್ದರು. "ಈ ಹಾಡು ರೇಡಿಯೋದಲ್ಲಿ ಸರಿಯಾಗಿ ಕೂರುತ್ತದೆ, ಟಿ.ವಿ.ಯಲ್ಲಿ ಯಾವ ಮನೆಗೂ ಕೂರುವುದಿಲ್ಲವಲ್ಲ ಮಾರಾಯರೆ, ನನ್ನ ಪೆಟ್ಟಿಗೆಯೇ ಕೆಟ್ಟಿದೆಯೋ?" ಎಂದು ಒಮ್ಮೆ ನನ್ನನ್ನು ಕೇಳಿದರು. ಪೆಟ್ಟಿಗೆ ಕೆಟ್ಟಿರಲಿಲ್ಲ. ಶೇಕಡಾ 4ರ ವೇಗಕ್ಕೆ ಶ್ರುತಿ ಸುಮಾರು ಮುಕ್ಕಾಲು ಸ್ವರಸ್ಥಾನದಷ್ಟು ಏರುತ್ತದೆ. ಎರಡು ಮನೆಗಳ ನಡುವೆ ಬಂದು ನಿಂತ ಆ ಶ್ರುತಿ ಹಾರ್ಮೋನಿಯಮ್ಮಿನಲ್ಲಿ ಸಿಗುವುದೆಲ್ಲಿ? ನಮ್ಮ ಪ್ರಿಯ ಗಾಯಕರ ಕಂಠಗಳನ್ನು ನಾವು ವರ್ಷಗಟ್ಟಲೆ ಟಿ.ವಿ.ಯಲ್ಲಿ ತುಸು ತೆಳುವಾಗಿ, ತುಸು ಎಳಸಾಗಿ ಕೇಳಿದೆವು. ಆ ಅಮ್ಮನವರೊಬ್ಬರೇ ನನಗೆ ಅದನ್ನು ಹೇಳಿದವರು.

ಈಗ ನನ್ನ ವಾದದ ತಿರುಳಿಗೆ ಬರುತ್ತೇನೆ. ಹಳೆಯ ವಿಡಿಯೋದಲ್ಲಿ ಸೆಕೆಂಡಿಗೆ 25 ಚಿತ್ರ ಎಂಬುದು ಪೂರ್ತಿ ನಿಜವಲ್ಲ. ಪ್ರತಿ ಚಿತ್ರವನ್ನೂ ಎರಡು ಪಾಲು ಮಾಡಿ ಕಳಿಸುತ್ತಿದ್ದರು: ಮೊದಲು ಬೆಸ ಸಂಖ್ಯೆಯ ಗೆರೆಗಳು, ಅನಂತರ ಸಮ ಸಂಖ್ಯೆಯ ಗೆರೆಗಳು. ವಿಡಿಯೋ ಕ್ಯಾಮರಾದಲ್ಲಿ ಈ ಎರಡು ಪಾಲುಗಳೂ ಒಂದೇ ಕ್ಷಣದವಲ್ಲ. ಸಮ ಗೆರೆಗಳನ್ನು ಹಿಡಿಯುವ ಹೊತ್ತಿಗೆ ಸೆಕೆಂಡಿನ 50ನೆಯ ಒಂದು ಭಾಗ ಕಳೆದು ನಟನ ಕೈ ಮುಂದೆ ಹೋಗಿರುತ್ತದೆ. ಆದ್ದರಿಂದ ವಿಡಿಯೋ ಚಲನೆಯನ್ನು ಸೆಕೆಂಡಿಗೆ 50 ಸಲ ನೋಡುತ್ತದೆ, ಸಿನಿಮಾ 24 ಸಲ. ಒಂದೇ ಕೋಣೆ, ಒಂದೇ ಬೆಳಕು, ಒಬ್ಬಳೇ ನಟಿ ಇದ್ದರೂ ಒಂದು ಸಿನಿಮಾದಂತೆಯೂ ಇನ್ನೊಂದು ಧಾರಾವಾಹಿಯಂತೆಯೂ ಕಾಣುವುದಕ್ಕೆ ಬಹುಮಟ್ಟಿಗೆ ಈ ಲೆಕ್ಕವೇ ಕಾರಣ. ಬ್ರಿಟನ್ನಿನ ಬಿಬಿಸಿಯವರು ಬಹಳ ಕಾಲ ಒಳಾಂಗಣದ ದೃಶ್ಯಗಳನ್ನು ಸ್ಟುಡಿಯೋ ವಿಡಿಯೋದಲ್ಲಿಯೂ ಹೊರಾಂಗಣವನ್ನು 16 ಮಿಲಿಮೀಟರ್ ಫಿಲ್ಮಿನಲ್ಲಿಯೂ ತೆಗೆಯುತ್ತಿದ್ದರು. ಪಾತ್ರ ಬಾಗಿಲು ದಾಟಿ ಅಂಗಳಕ್ಕೆ ಕಾಲಿಟ್ಟೊಡನೆ ಲೋಕದ ಚಲನೆಯೇ ಬದಲಾಗುತ್ತಿತ್ತು.

ಇಲ್ಲಿ ಒಂದು ಸಾಂಸ್ಕೃತಿಕ ಪ್ರಶ್ನೆ ಅಡಗಿದೆ. 50ರ ಚಲನೆ ಹೆಚ್ಚು ನಿಜ, ಹೆಚ್ಚು ಪೂರ್ಣ; ಆದರೂ ಅದನ್ನು ನೋಡಿದಾಗ ನಮ್ಮ ಮನಸ್ಸು 'ಅಗ್ಗದ್ದು' ಎನ್ನುತ್ತದೆ. 24ರದ್ದು ಕೊರತೆಯ ಚಲನೆ. ಅದಕ್ಕೆ 'ಶ್ರೀಮಂತ' ಎನ್ನುತ್ತೇವೆ. ಇದು ಕಣ್ಣಿನ ಸ್ವಭಾವವೋ, ಕಲಿತ ಅಭ್ಯಾಸವೋ? ಬಹುಪಾಲು ಅಭ್ಯಾಸವೆಂದೇ ನನಗನ್ನಿಸುತ್ತದೆ. ಫಿಲ್ಮಿಗೆ ದುಡ್ಡು ಬೇಕಿತ್ತು. ದುಡ್ಡಿದ್ದಲ್ಲಿ ದೊಡ್ಡ ನಟರು, ಒಳ್ಳೆಯ ಬೆಳಕು, ನುರಿತ ಕೈಗಳಿದ್ದವು. ವಿಡಿಯೋ ಬಂದದ್ದು ವಾರ್ತೆಗೆ, ಕ್ರಿಕೆಟ್ಟಿಗೆ, ಮದುವೆಗೆ, ಮಧ್ಯಾಹ್ನದ ಧಾರಾವಾಹಿಗೆ. ಎರಡು ತಲೆಮಾರು ಹೀಗೆ ನೋಡಿದ ಮೇಲೆ ಚಲನೆಯ ಲೆಕ್ಕವೇ ಅಂತಸ್ತಿನ ಗುರುತಾಯಿತು. ಮಡಿಯ ಸೀರೆಗೂ ನಿತ್ಯದ ಸೀರೆಗೂ ಇರುವಂಥ ಭೇದ. ನಮ್ಮ ತರುಣ ಮಿತ್ರ "ಸಿನಿಮಾದ ಹಾಗೆ ಮಾಡಿಕೊಡುತ್ತೇನೆ" ಎಂದಾಗ ಸಮಿತಿಯವರ ಮುಖ ಅರಳಿದ್ದು ಇದರಿಂದಲೇ. ನಮ್ಮ ಸಂಘದ ಬಯಲಾಟಕ್ಕೆ ಒಂದು ಅಂತಸ್ತು ಬರುತ್ತದಲ್ಲ ಎಂದು! ಆ ಆಸೆಯನ್ನು ನಾನು ಹಾಸ್ಯ ಮಾಡುತ್ತಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ಹಗಲಿಡೀ ಹೋಟೆಲಿನಲ್ಲೋ ಗಿರಣಿಯಲ್ಲೋ ದುಡಿದು, ರಾತ್ರಿ ಬಣ್ಣ ಹಚ್ಚಿ ಕುಣಿದವರ ಆಟ ಅದು. ಅದಕ್ಕೆ ಗೌರವ ಸಿಗಲಿ ಎಂದು ಬಯಸುವುದು ಸಹಜ.

ಆದರೆ 24ಕ್ಕೋ 25ಕ್ಕೋ ಇಳಿಸುವಾಗ ಆಗುವುದೇನು? ಎರಡು ಪಾಲುಗಳಲ್ಲಿ ಒಂದನ್ನು ಎಸೆಯುತ್ತಾರೆ, ಇಲ್ಲವೇ ಎರಡನ್ನೂ ಒಂದರ ಮೇಲೊಂದು ಕಲಸುತ್ತಾರೆ. ಎಸೆದರೆ ಸೆಕೆಂಡಿನ 50 ನೋಟಗಳಲ್ಲಿ 25 ಹೋದವು, ಮತ್ತೆ ಬಾರವು. ಕಲಸಿದರೆ ಒಂದು ಕೈಗೆ ಎರಡು ನೆರಳು. ಭಾಷಣ ಮಾಡುವವರ ಕ್ಯಾಸೆಟ್ಟಿಗೆ ಇದರಿಂದ ಹೆಚ್ಚು ನಷ್ಟವಿಲ್ಲ ಎಂದು ಅಧ್ಯಕ್ಷರ ಕ್ಷಮೆ ಕೋರಿ ಹೇಳುತ್ತೇನೆ. ಆದರೆ ತೆಂಕುತಿಟ್ಟಿನ ಪುಂಡುವೇಷ ಧೀಂಗಿಣ ಹಾಕುವುದನ್ನು ನೆನಪಿಸಿಕೊಳ್ಳಿ. ಚೆಂಡೆಯ ಪೆಟ್ಟಿಗೂ ನೆಲಕ್ಕೆ ತಾಗುವ ಪಾದಕ್ಕೂ ನಡುವಿನ ಸಂಬಂಧವೇ ಅಲ್ಲಿ ಕಲೆ. ಬಡಗಿನ ಮಂಡಿ ಕುಣಿತದಲ್ಲಿ ವೇಷಧಾರಿ ಮಂಡಿಯೂರಿ ಸುತ್ತುವಾಗ ಮೊಣಕಾಲು ಎತ್ತಿದ್ದು ಯಾವಾಗ, ಊರಿದ್ದು ಯಾವಾಗ ಎಂದು ಕಲಿಯುವವನಿಗೆ ಕಾಣಬೇಕು. ಆ ದಿನಗಳಲ್ಲಿ ಬಾಡಿಗೆಗೆ ತಂದ ಸಾಧಾರಣ ಕ್ಯಾಮರಾ, ಮಂಕು ದೀಪ, ಮಾಸಿದ ಬಣ್ಣ. ಆ ಟೇಪಿನಲ್ಲಿ ಎಲ್ಲವೂ ಬಡವಾಗಿದೆ. ಶ್ರೀಮಂತವಾಗಿರುವುದು ಒಂದೇ ಒಂದು, ಅದು ಚಲನೆಯ ದಾಖಲೆ. ದೊಡ್ಡ ಚಿತ್ರನಿರ್ಮಾಪಕರ ಫಿಲ್ಮಿಗೂ ಇಲ್ಲದ 50 ನೋಟಗಳು ನಮ್ಮ ಆ ಅಗ್ಗದ ಕ್ಯಾಸೆಟ್ಟಿನಲ್ಲಿವೆ. ಅಂತಸ್ತಿನ ಆಸೆಗೆ ನಾವು ಅದನ್ನೇ ಬಿಸಾಡಲು ಹೊರಟಿದ್ದೇವೆ.

ಹೆಚ್ಚು ಚಿತ್ರಗಳೇ ಯಾವಾಗಲೂ ಒಳ್ಳೆಯದು ಎಂಬುದು ನನ್ನ ಮತವಲ್ಲ. ಸಿನಿಮಾದವರೂ 24ನ್ನು ದಾಟಲು ಯತ್ನಿಸಿದ್ದಾರೆ. 1955ರ 'ಓಕ್ಲಹೋಮಾ' ಚಿತ್ರವನ್ನು ಟಾಡ್-ಎಓ ಪದ್ಧತಿಯಲ್ಲಿ ಸೆಕೆಂಡಿಗೆ 30ರಂತೆ ತೆಗೆದರು. ಡಗ್ಲಸ್ ಟ್ರಂಬಲ್ 60ರ ಪದ್ಧತಿಯೊಂದನ್ನು ರೂಪಿಸಿದ. 2012ರಲ್ಲಿ ಪೀಟರ್ ಜಾಕ್ಸನ್ 'ದಿ ಹಾಬಿಟ್' ಚಿತ್ರದ ಮೊದಲ ಭಾಗವನ್ನು 48ರಲ್ಲಿ ಬಿಡುಗಡೆ ಮಾಡಿದಾಗ ಕುತೂಹಲದಿಂದ ಹೋಗಿ ನೋಡಿದೆ. ಕುಬ್ಜರ ಅಂಟಿಸಿದ ಗಡ್ಡ, ಬಣ್ಣ ಬಳಿದ ಬಂಡೆ ಎಲ್ಲವೂ ಸ್ಪಷ್ಟ. ಹಸಿರುಮನೆಗೆ ಹೊಕ್ಕು ಅರ್ಧ ಬಣ್ಣ ಹಚ್ಚಿದ ಕೀಚಕನನ್ನು ನೋಡಿದಂತಾಯಿತು. ಆಂಗ್ ಲೀ 2016ರಲ್ಲಿ 120ಕ್ಕೆ ಹೋದ. ಅದನ್ನು ಆ ವೇಗದಲ್ಲಿ ತೋರಿಸಬಲ್ಲ ಚಿತ್ರಮಂದಿರಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟಿದ್ದವು. 2022ರ ಎರಡನೆಯ 'ಅವತಾರ್'ನಲ್ಲಿ ಜೇಮ್ಸ್ ಕ್ಯಾಮೆರಾನ್ ಕೆಲವು ದೃಶ್ಯಗಳಿಗೆ 48, ಉಳಿದವಕ್ಕೆ 24 ಎಂದು ಬೆರೆಸಿದ. ನೀರಿನೊಳಗೆ ಅದು ನನಗೆ ಹಿಡಿಸಿತು. ನಾಳಿನ ಮಕ್ಕಳ ಕಣ್ಣಿಗೆ ಇದೆಲ್ಲ ಸಹಜವಾಗಬಹುದು. ನಾನು ಭವಿಷ್ಯ ಹೇಳುವವನಲ್ಲ. ನನ್ನ ಮತ ಇಷ್ಟೇ: ಯಾವುದು ಯಾವ ವೇಗದಲ್ಲಿ ಹುಟ್ಟಿತೋ ಅದನ್ನು ಆ ವೇಗದಲ್ಲಿಯೇ ಉಳಿಸಬೇಕು.

ಏಕೆಂದರೆ ಉಲ್ಟಾ ದಿಕ್ಕಿನ ಅನ್ಯಾಯವೂ ಈಗ ಮನೆಮನೆಯಲ್ಲಿ ನಡೆಯುತ್ತಿದೆ. ಠಾಣೆಯಲ್ಲಿರುವ ನನ್ನ ತಮ್ಮನ ಮಗ ದೊಡ್ಡ ಟಿ.ವಿ. ಕೊಂಡ. ನನಗಾಗಿ ಗುರುದತ್ತರ 'ಕಾಗಜ್ ಕೆ ಫೂಲ್' ಹಾಕಿದ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರಲ್ಲಿ ಛಾಯಾಗ್ರಹಣ ಮಾಡಿದ, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಸ್ಟುಡಿಯೋದ ಕತ್ತಲಲ್ಲಿ ಮೇಲಿನಿಂದ ಇಳಿಯುವ ಆ ಬೆಳಕಿನ ಕೋಲನ್ನು ಮರೆಯುವವರುಂಟೇ? ಆದರೆ ಆ ಟಿ.ವಿ.ಯಲ್ಲಿ ಕ್ಯಾಮರಾ ಎಣ್ಣೆ ಹಚ್ಚಿದ ನೆಲದ ಮೇಲೆ ಜಾರಿದಂತೆ ಜಾರುತ್ತಿತ್ತು. "ದೊಡ್ಡಪ್ಪ, ಹಳೇ ಸಿನಿಮಾ ಆದರೂ ಧಾರಾವಾಹಿ ಥರ ಕಾಣುತ್ತಲ್ಲ?" ಎಂದ ಹುಡುಗ. ಅವನ ಕಣ್ಣು ಸರಿಯಾಗಿಯೇ ನೋಡಿತ್ತು. ಇಂದಿನ ಟಿ.ವಿ.ಗಳು ಎರಡು ಫ್ರೇಮುಗಳ ನಡುವೆ ತಾವೇ ಊಹಿಸಿ ಹೊಸ ಚಿತ್ರಗಳನ್ನು ಸೃಷ್ಟಿಸಿ ತುಂಬುತ್ತವೆ. ಮೂರ್ತಿಯವರು ತೆಗೆಯದ ಚಿತ್ರಗಳು, ವಹೀದಾ ರೆಹಮಾನ್ ಎಂದೂ ಮಾಡದ ಮುಖಭಾವಗಳು. 2018ರಲ್ಲಿ ನಟ ಟಾಮ್ ಕ್ರೂಸ್ ಇದನ್ನು ಆರಿಸಿಡಿ ಎಂದು ಪ್ರೇಕ್ಷಕರಿಗೆ ಬಹಿರಂಗ ವಿನಂತಿ ಮಾಡಿಕೊಂಡ. ಮರುವರ್ಷ ಕೆಲವು ತಯಾರಕರು ಸೇರಿ 'ಫಿಲ್ಮ್‌ಮೇಕರ್ ಮೋಡ್' ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ನಿಮ್ಮ ಮನೆಯ ಟಿ.ವಿ.ಯ ಸೆಟ್ಟಿಂಗಿನಲ್ಲಿ ಅದು ಇದ್ದರೆ ಒತ್ತಿ. ಇಲ್ಲದಿದ್ದರೆ 'ಮೋಶನ್' ಎಂಬ ಪದ ಎಲ್ಲಿದೆಯೋ ಹುಡುಕಿ ಅದನ್ನು ಆರಿಸಿ. ಆ ದಿನ ನಾನು ಆರಿಸಿದೆ. ಹುಡುಗ ಒಂದು ನಿಮಿಷ ನೋಡಿ, "ಈಗ ಸಿನಿಮಾ ಆಯಿತು," ಎಂದ.

ಕೊನೆಗೆ ನನ್ನ ಮನೆಯ ಒಂದು ಮಾತು. ಇದನ್ನು ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. 1966ರಲ್ಲಿ ಊರಿನಲ್ಲಿ ನನ್ನ ಅಕ್ಕನ ಮದುವೆಯಾದಾಗ ವಿದೇಶದಿಂದ ಬಂದಿದ್ದ ನೆಂಟರೊಬ್ಬರು 8 ಮಿಲಿಮೀಟರ್ ಕ್ಯಾಮರಾದಲ್ಲಿ ಒಂದು ಸುರುಳಿ ತೆಗೆದಿದ್ದರು. 50 ಅಡಿ, 4,000 ಫ್ರೇಮು. ಸೆಕೆಂಡಿಗೆ 16ರಂತೆ 4 ನಿಮಿಷ 10 ಸೆಕೆಂಡು. ಅದರಲ್ಲಿ ನನ್ನ ತಾಯಿ ಬಾವಿಕಟ್ಟೆಯಿಂದ ಕೊಡ ಹೊತ್ತು ಅಂಗಳಕ್ಕೆ ನಡೆದು ಬರುವುದಿದೆ. ಅಮ್ಮ ನಡೆದಾಡುವ ಚಿತ್ರ ನಮ್ಮಲ್ಲಿ ಇರುವುದು ಅದೊಂದೇ. 1990ರ ದಶಕದಲ್ಲಿ ನನ್ನ ಅಣ್ಣ ಅದನ್ನು ಒಂದು ಅಂಗಡಿಗೆ ಕೊಟ್ಟು ವಿಡಿಯೋಗೆ ಇಳಿಸಿಸಿದ. 16ಕ್ಕೆ ಓಡಿಸಿದರೆ ಟಿ.ವಿ.ಯಲ್ಲಿ ಬೆಳಕು ಮಿಣುಕುತ್ತದೆಂದು ಅಂಗಡಿಯವನು ಪ್ರೊಜೆಕ್ಟರನ್ನು 25ರ ಸುಮಾರಿಗೆ ಓಡಿಸಿ ಹಿಡಿದಿದ್ದ. 2 ನಿಮಿಷ 40 ಸೆಕೆಂಡಿಗೆ ಮದುವೆ ಮುಗಿಯಿತು. ಮನೆಮಂದಿಯೆಲ್ಲ ಕೂತು ನೋಡಿದೆವು. ಅಮ್ಮ ಕೊಡ ಹೊತ್ತು ತುರುತುರು ಓಡಿ ಬಂದಾಗ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅಮ್ಮ ತೀರಿಕೊಂಡು ಆಗ ಹನ್ನೊಂದು ವರ್ಷವಾಗಿತ್ತು.

ಅವಳ ಬಲಗಾಲಿಗೆ ಚಿಕ್ಕಂದಿನಲ್ಲೇ ನೋವಿತ್ತು. ಅವಳು ಎಂದೂ ಬೇಗ ನಡೆದವಳಲ್ಲ. ಅಡಿಗೆಮನೆಯಿಂದ ಚಾವಡಿಗೆ ಬರುವಷ್ಟರಲ್ಲಿ ನಾವು ಎರಡು ಸಲ ಕರೆಯುತ್ತಿದ್ದೆವು. ಎಲ್ಲ ಗೊತ್ತಿದ್ದೂ, ಫ್ರೇಮುಗಳನ್ನೇ ಎಣಿಸಿ ಬದುಕಿದ ನಾನು, ನಕ್ಕೆ. ಅದು ವೇಗದ ತಪ್ಪೆಂದು ಹೊಳೆದದ್ದು ಮರುದಿನ ಬೆಳಿಗ್ಗೆ, ಚರ್ಚ್‌ಗೇಟ್ ಗಾಡಿಯಲ್ಲಿ ನಿಂತಿದ್ದಾಗ.

ಮೂಲ ಸುರುಳಿಯನ್ನು ಹುಡುಕುವ ಹೊತ್ತಿಗೆ ಊರಿನ ಮಳೆಗಾಲ ಅದನ್ನು ಮುಗಿಸಿತ್ತು. ಡಬ್ಬಿ ತೆರೆದರೆ ಹುಳಿಯ ವಾಸನೆ. ಫಿಲ್ಮು ಒಣಗಿದ ಬಾಳೆಲೆಯಂತೆ ಮುರುಟಿತ್ತು. ಉಳಿದದ್ದು ಆ ವಿಡಿಯೋ ಮಾತ್ರ. ನಿವೃತ್ತನಾದ ಮೇಲೆ ಅದನ್ನು ಕಂಪ್ಯೂಟರಿನಲ್ಲಿ ಹಾಕಿ ನಿಧಾನಗೊಳಿಸತೊಡಗಿದೆ. 25ರಿಂದ 16 ಎಂದರೆ ನೂರಕ್ಕೆ 64. ಆದರೆ ಅಂಗಡಿಯವನ ವೇಗ ನಿಜಕ್ಕೂ 25 ಇತ್ತೇ? ನೆಂಟರ ಕ್ಯಾಮರಾ 16ಕ್ಕೇ ಓಡಿತ್ತೇ? ಮನುಷ್ಯರ ನಡಿಗೆಯನ್ನು ನೋಡಿ ಲೆಕ್ಕ ಹಾಕುವಂತಿಲ್ಲ. ಅವರು ಬೇಗವೂ ನಡೆಯಬಹುದು, ನಿಧಾನವಾಗಿಯೂ ನಡೆಯಬಹುದು. ಬೀಳುವ ವಸ್ತು ಮಾತ್ರ ಸುಳ್ಳು ಹೇಳುವುದಿಲ್ಲ. ಅದೃಷ್ಟಕ್ಕೆ ಅದರಲ್ಲಿ ಒಬ್ಬ ಹುಡುಗ ಮಾವಿನಕಾಯಿಯನ್ನು ಮೇಲೆಸೆದು ಹಿಡಿಯುವುದಿತ್ತು. ಎಷ್ಟು ಎತ್ತರಕ್ಕೆ ಹೋಯಿತು, ಕೆಳಗೆ ಬರಲು ಎಷ್ಟು ಫ್ರೇಮು ಹಿಡಿಯಿತು ಎಂದು ಎಣಿಸಿದೆ. ಆ ಹುಡುಗನ ಎತ್ತರ ನನಗೆ ಸರಿಯಾಗಿ ಗೊತ್ತಿತ್ತು, ಏಕೆಂದರೆ ಆ ಹುಡುಗ ನಾನೇ. ಊರಿನ ಮನೆಯ ಕಂಬದ ಮೇಲೆ ಆ ವರ್ಷದ ಗೀಟು ಇನ್ನೂ ಇದೆ. ಲೆಕ್ಕ 64ರ ಹತ್ತಿರಕ್ಕೇ ಬಂತು. ಹಾಗೆ ಓಡಿಸಿದೆ. ಅಮ್ಮ ಬಾವಿಕಟ್ಟೆಯಿಂದ ಇಳಿದಳು, ಎಡಗಾಲು ಊರಿದಳು, ಬಲಗಾಲನ್ನು ತುಸು ಎಳೆದುಕೊಂಡಳು, ಕೊಡ ಸರಿಮಾಡಿಕೊಂಡಳು, ಬಂದಳು.

ಅಣ್ಣನಿಗೆ ಅದನ್ನು ಕಳಿಸಿದೆ. ಅವನು ಫೋನಿನಲ್ಲಿ ಏನನ್ನೂ ಹೇಳಲಿಲ್ಲ. "ಕಾಲು," ಎಂದ, ಅಷ್ಟೇ.

ಸಮಿತಿಯವರಲ್ಲಿ ನನ್ನ ಬೇಡಿಕೆ ಎರಡು. ಟೇಪಿನಲ್ಲಿರುವುದನ್ನು ಮೊದಲು ಎರಡು ಪಾಲೂ ಹಾಗೆಯೇ ಇರುವಂತೆ, ಏನನ್ನೂ ತಿದ್ದದೆ, ಒಂದು ಪ್ರತಿ ತೆಗೆದಿಡಬೇಕು. ಎರಡನೆಯದಾಗಿ, ನೋಡುವುದಕ್ಕಾಗಿ ಮಾಡುವ ಪ್ರತಿಯಲ್ಲಿ ಪ್ರತಿ ಪಾಲನ್ನೂ ಒಂದು ಪೂರ್ಣ ಚಿತ್ರವಾಗಿಸಿ ಸೆಕೆಂಡಿಗೆ 50ರಂತೆ ಇಡಬೇಕು. ಜಾಗ ಹೆಚ್ಚು ಬೇಕಾಗುತ್ತದೆ, ಒಂದೆರಡು ಹಾರ್ಡ್ ಡಿಸ್ಕುಗಳ ಖರ್ಚು ಬೀಳುತ್ತದೆ. ಆ ಖರ್ಚಿನಲ್ಲಿ ನನ್ನ ಪಾಲನ್ನು ಖಜಾಂಚಿಯವರಿಗೆ ಇಂದೇ ಕೊಟ್ಟಿದ್ದೇನೆ.

ಆ ತರುಣ ಮಿತ್ರರೂ ಇಲ್ಲಿಯೇ ಇದ್ದಾರೆ. ನಾನು ಕೇಳಿಕೊಂಡಂತೆ ಸಂಘದ ಒಂದು ಕ್ಯಾಸೆಟ್ಟಿನಿಂದ ನಲವತ್ತು ಸೆಕೆಂಡುಗಳ ತುಣುಕನ್ನು ಎರಡು ಬಗೆಯಲ್ಲಿ ಸಿದ್ಧಪಡಿಸಿ ತಂದಿದ್ದಾರೆ. ಅಭಿಮನ್ಯುವಿನ ಪ್ರವೇಶ, ವೇಷ ಮಾಡಿದವರು ಯಾರೆಂದು ಹಿರಿಯರು ನೋಡಿದೊಡನೆ ಗುರುತಿಸುವಿರಿ. ಮೊದಲು 25ರದ್ದು, ಅನಂತರ 50ರದ್ದು. ಮುಖ ನೋಡಬೇಡಿ, ಪಾದ ನೋಡಿ. ಯಾರಾದರೂ ಸಭಾಂಗಣದ ದೀಪ ಆರಿಸಬೇಕು.